ಚೊಚ್ಚಲ ಬಸುರಿಯರ ಕೈಯಲ್ಲಿ ಮೂರು ವೆಬ್‌ಸೈಟ್

ಗರ್ಭಿಣಿಯರಿಗಾಗಿಯೇ ಇರುವ ಮೂರು ವೆಬ್‌ಸೈಟ್‌ಗಳನ್ನು ಬೆಂಗಳೂರಿನ ಕೆಲವು ಚೊಚ್ಚಲ ಬಸುರಿಯರಿಗೆ ಕೊಟ್ಟು ನೋಡಿದೆ. ಒಂದು ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನದು. ಇನ್ನೊಂದು ಜಾಹೀರಾತಿನಿಂದ ನಡೆಯುವ ಖಾಸಗಿ ಇಂಗ್ಲಿಷ್ ಸೈಟ್. ಮೂರನೆಯದು ಕನ್ನಡದ್ದು. ಅವರವರ ಫೋನಿನಲ್ಲೇ, ಮನಸ್ಸಿಗೆ ಬಂದದ್ದನ್ನು ಬಾಯಿಬಿಟ್ಟು ಹೇಳುತ್ತಾ ಹುಡುಕಿ ಎಂದೆ. ನಾನು ಪಕ್ಕದಲ್ಲಿ ಕೂತು ಸುಮ್ನೆ ನೋಡಿದೆ.

ಹೆರಿಗೆಯ ದಿನ ಲೆಕ್ಕ ಹಾಕುವುದರಲ್ಲಿ ಖಾಸಗಿ ಸೈಟ್ ಮುಂದು. ಕೊನೆಯ ಮುಟ್ಟಿನ ಮೊದಲ ದಿನಕ್ಕೆ 280 ದಿನ ಕೂಡಿಸುವ ಲೆಕ್ಕ ಅದು. ಆದರೆ ಉತ್ತರಕ್ಕೆ ಮೊದಲು ಇಮೇಲ್ ಕೇಳಿತು, ಕೆಲವರು ಅಲ್ಲೇ ಬಿಟ್ಟರು. ಉತ್ತರ ತಿಂಗಳ ಬದಲು ವಾರಗಳ ಲೆಕ್ಕದಲ್ಲಿ ಬಂದದ್ದೂ ತೊಡಕಾಯಿತು. ಮನೆಯಲ್ಲಿ ಎಲ್ಲರೂ ಕೇಳುವುದು "ಐದು ತುಂಬಿತಾ?" ಅಂತ ಅಲ್ವಾ?

ನನಗೆ ಮುಖ್ಯವಾಗಿದ್ದ ಪ್ರಶ್ನೆ ಬೇರೆ. ರಾತ್ರಿ ಹೊತ್ತು ಮಗುವಿನ ಅಲುಗಾಟ ಕಮ್ಮಿ ಅನಿಸಿದರೆ ಏನು ಮಾಡಬೇಕು? ಎನ್‌ಎಚ್‌ಎಸ್ ಪುಟ ಸುತ್ತಿ ಬಳಸಿ ಹೇಳುವುದಿಲ್ಲ: ತಕ್ಷಣ ಹೆರಿಗೆ ವಿಭಾಗಕ್ಕೆ ಫೋನ್ ಮಾಡಿ, ಮರುದಿನದವರೆಗೆ ಕಾಯಬೇಡಿ. ಇಂಗ್ಲಿಷ್ ತಡವರಿಸಿ ಓದುವವರಿಗೂ ಇದು ಅರ್ಥವಾಯಿತು. ಖಾಸಗಿ ಸೈಟಿನಲ್ಲಿ ಮೊದಲು ಕಾರಣಗಳ ಉದ್ದ ವಿವರಣೆ, ನಡುನಡುವೆ ಡಯಾಪರ್ ಜಾಹೀರಾತು. ಆಸ್ಪತ್ರೆಗೆ ಹೋಗಿ ಅನ್ನುವ ಮಾತು ತಳದಲ್ಲಿತ್ತು, ಅಷ್ಟು ದೂರ ಹೋದವರೇ ಕಡಿಮೆ. ಗಾಬರಿಯಲ್ಲಿರುವ ಹೆಣ್ಣುಮಗಳನ್ನು ಹೀಗೆ ಕಾಯಿಸುವುದು ತಪ್ಪು.

ಕನ್ನಡ ಸೈಟಿನ ಕಥೆ ಹೊಟ್ಟೆ ಉರಿಸಿತು. ಬಹಳ ಮಂದಿ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡುತ್ತಾರೆ, ಹಾಗೆ ಹುಡುಕಿದರೆ ಅಲ್ಲಿ ಏನೂ ಸಿಗಲಿಲ್ಲ. ಅಲುಗಾಟದ ಬಗ್ಗೆ ಲೇಖನ ಅಲ್ಲಿ ಇದ್ದೇ ಇತ್ತು, ಚೆನ್ನಾಗಿಯೂ ಇತ್ತು! ಕೊನೆಗೆ ಅದನ್ನು ಹುಡುಕಿ ತೆಗೆದ ಒಬ್ಬಾಕೆ ಅತ್ತೆಯನ್ನು ಕರೆದು ಜೋರಾಗಿ ಓದಿ ಹೇಳಿದರು. ಉಳಿದ ಎರಡು ಸೈಟುಗಳಲ್ಲಿ ಇಂಥದ್ದು ನಡೆಯಲಿಲ್ಲ. ಆಸ್ಪತ್ರೆಗೆ ಹೊರಡುವ ತೀರ್ಮಾನ ನಮ್ಮ ಎಷ್ಟೋ ಮನೆಗಳಲ್ಲಿ ಬಸುರಿ ಒಬ್ಬಳ ಕೈಯಲ್ಲಿಲ್ಲ. ಹಾಗಾಗಿ ಈ ಒಂದಕ್ಕೇ ನಾನು ಜಾಸ್ತಿ ಅಂಕ ಕೊಡುತ್ತೇನೆ.

ಊಟತಿಂಡಿಯ ವಿಷಯ ಚಿಕ್ಕದು. ಎನ್‌ಎಚ್‌ಎಸ್ ದಿನಕ್ಕೆ 200 ಮಿಲಿಗ್ರಾಂ ಕೆಫೀನ್ ದಾಟಬೇಡಿ ಅನ್ನುತ್ತದೆ, ಒಂದು ಮಗ್ ಫಿಲ್ಟರ್ ಕಾಫಿಗೆ 140 ಎಂದು ಲೆಕ್ಕ ಕೊಡುತ್ತದೆ. ಅವರ ಮಗ್ ಬೇರೆ, ನಮ್ಮ ಡಿಕಾಕ್ಷನ್ ಬೆರೆಸಿದ ಲೋಟ ಬೇರೆ. ಪಪ್ಪಾಯ ತಿನ್ನಬಹುದಾ ಅನ್ನುವ ಪ್ರಶ್ನೆಗೆ ನೇರವಾಗಿ ಕೈಹಾಕಿದ್ದು ಕನ್ನಡ ಸೈಟ್.

ಇಂಗ್ಲಿಷ್ ಓದುವವರಿಗೆ ಸದ್ಯಕ್ಕೆ ಎನ್‌ಎಚ್‌ಎಸ್ ನೋಡಿ ಅಂತಲೇ ಹೇಳುತ್ತೇನೆ. ಅಲ್ಲಿನ ಫೋನ್ ನಂಬರುಗಳು ಬ್ರಿಟನ್ನಿನವು, ಆದ್ದರಿಂದ 108 ಮತ್ತು ನಿಮ್ಮ ಆಸ್ಪತ್ರೆಯ ನಂಬರ್ ಫೋನಿನಲ್ಲಿ ಇರಲಿ. ಕನ್ನಡ ಸೈಟ್ ನಡೆಸುವವರು ಮುಖಪುಟದ ಮೇಲ್ಭಾಗದಲ್ಲೇ ರಕ್ತ ಹೋಗುವುದು, ನೀರು ಒಡೆಯುವುದು, ಕಣ್ಣು ಮಂಜಾಗುವಷ್ಟು ತಲೆನೋವು, ಮಗುವಿನ ಅಲುಗಾಟ ಕಮ್ಮಿಯಾಗುವುದು, ಇವಿಷ್ಟನ್ನು ಬರೆದು ಪಕ್ಕದಲ್ಲಿ 108ರ ಬಟನ್ ಇಡಲಿ. ಅವತ್ತಿನಿಂದ ನಾನು ಎಲ್ಲರಿಗೂ ಕನ್ನಡದ್ದನ್ನೇ ಕಳಿಸುತ್ತೇನೆ.