ಚಿನ್ನಿಯ ಹಲ್ಲಿಗೆ ಎಡಗಡೆ ಒಂದು ಬ್ರಷ್, ಬಲಗಡೆ ಇನ್ನೊಂದು

ನಮ್ಮ ಪೊಮೆರೇನಿಯನ್ ಚಿನ್ನಿಗೆ ಈಗ ಏಳು ವರ್ಷ. ಹೋದ ವರ್ಷ ಅವಳ ಮೂರು ಹಲ್ಲು ತೆಗೆಸಬೇಕಾಯಿತು. ಬಾಯಿ ವಾಸನೆ ಮೊದಲಿಂದಲೂ ಇತ್ತು. ನಾಯಿ ಬಾಯಿ ಅಂದಮೇಲೆ ಇಷ್ಟೇ ಅಲ್ವಾ ಅಂತ ಎರಡು ವರ್ಷ ಸುಮ್ನೆ ಇದ್ದೆ. ಅದು ವಸಡಿನ ಕಾಯಿಲೆ ಎಂದು ಗೊತ್ತಾದಾಗ ತುಂಬಾ ಸಂಕಟವಾಯಿತು. ಪುಟ್ಟ ತಳಿಗಳಲ್ಲಿ ಇದು ಜಾಸ್ತಿ. ಅಷ್ಟು ಚಿಕ್ಕ ಬಾಯಲ್ಲಿ 42 ಹಲ್ಲು ಒತ್ತಿಕೊಂಡಿರುತ್ತವೆ.

ಕ್ಲೀನಿಂಗ್ ಆದಮೇಲೆ ಒಂದು ಪ್ರಯೋಗ ಮಾಡಿದೆ. ಎಡಗಡೆ ಬೆರಳಿಗೆ ಹಾಕುವ ಸಿಲಿಕೋನ್ ಬ್ರಷ್. ಬಲಗಡೆ ಸಣ್ಣ ಮಕ್ಕಳ ಮೆತ್ತನೆಯ ಬ್ರಷ್. ಎರಡಕ್ಕೂ ನಾಯಿಗಳಿಗೆಂದೇ ಬರುವ ಕೋಳಿ ರುಚಿಯ ಪೇಸ್ಟ್. ನಮ್ಮ ಪೇಸ್ಟ್ ಬೇಡವೇ ಬೇಡ. ನಾಯಿ ಉಗುಳುವುದಿಲ್ಲ, ನುಂಗುತ್ತದೆ. ಫ್ಲೋರೈಡ್ ಹೊಟ್ಟೆಗೆ ಹೋಗುತ್ತದೆ. ಕೆಲವು ಪೇಸ್ಟ್‌ಗಳಲ್ಲಿ ಸಿಹಿಗೆಂದು ಹಾಕುವ ಕ್ಸೈಲಿಟಾಲ್ ಅಂತೂ ನಾಯಿಗೆ ವಿಷ.

ಬೆರಳಿನ ಬ್ರಷ್‌ಗೆ ಚಿನ್ನಿ ಮೊದಲ ದಿನವೇ ಒಪ್ಪಿದಳು. ಮಕ್ಕಳ ಬ್ರಷ್‌ಗೆ ಹತ್ತು ದಿನ ಬೇಕಾಯಿತು. ಮೂರು ದಿನ ಬರೀ ಪೇಸ್ಟ್ ನೆಕ್ಕಿಸಿದೆ. ಆಮೇಲೆ ತುಟಿ ಎತ್ತುವುದು, ಆಮೇಲೆ ಮುಂದಿನ ಹಲ್ಲು, ಕೊನೆಗೆ ದವಡೆ. ಬ್ರಷ್ ಓರೆಯಾಗಿ ಹಿಡಿದು, ಎಳೆಗಳ ತುದಿ ವಸಡಿನ ಅಂಚಿಗೆ ತಾಗುವ ಹಾಗೆ ಮೆಲ್ಲಗೆ ಉಜ್ಜಬೇಕು. ಹೊರಗಿನ ಮೈ ಮಾತ್ರ ಉಜ್ಜಿದೆ, ಮುಖ್ಯವಾದದ್ದು ಅದೇ.

ಆರು ವಾರವಾದ ಮೇಲೆ ಟಾರ್ಚ್ ಹಿಡಿದು ನೋಡಿದೆ. ಎಡಗಡೆ ಮೇಲಿನ ದೊಡ್ಡ ದವಡೆ ಹಲ್ಲಿನ ಬುಡದಲ್ಲಿ ಹಳದಿ ಗೆರೆ. ಬಲಗಡೆ ಸ್ವಚ್ಛ. ಸಿಲಿಕೋನಿನ ದಪ್ಪ ಮುಳ್ಳು ವಸಡಿನ ಸಂದಿಗೆ ಇಳಿಯುವುದಿಲ್ಲ, ನನ್ನ ಬೆರಳೂ ಹಿಂದಿನವರೆಗೆ ಹೋಗುವುದಿಲ್ಲ. ಅವಳು ಒಂದೇ ಕಡೆ ಅಗಿಯುತ್ತಾಳೇನೋ ಎಂಬ ಅನುಮಾನಕ್ಕೆ ಬ್ರಷ್ ಅದಲುಬದಲು ಮಾಡಿದೆ. ಈ ಸಲ ಗೆರೆ ಬಲಗಡೆ ಬಂತು. ಹಲ್ಲಿನ ಮೇಲಿನ ಲೋಳೆ ಎರಡು ಮೂರು ದಿನದಲ್ಲೇ ಗಟ್ಟಿಯಾಗಲು ಶುರುವಾಗುತ್ತದೆ. ಗಟ್ಟಿಯಾದದ್ದು ಬ್ರಷ್‌ಗೆ ಬರುವುದಿಲ್ಲ. ಹಾಗಾಗಿ ವಾರಕ್ಕೊಮ್ಮೆ ಉಜ್ಜಿದರೆ ಪ್ರಯೋಜನವಿಲ್ಲ. ದಿನಾ ಒಂದು ನಿಮಿಷ ಬೇಕು.

ಹಲ್ಲು ಸ್ವಚ್ಛವಾಗಲೆಂದು ನಾಯಿಗೆ ಅಗಿಯಲು ಕೊಡುವ ಡೆಂಟಲ್ ಸ್ಟಿಕ್ ಕೂಡ ಕೊಟ್ಟು ನೋಡಿದೆ. ಚೆನ್ನಾಗಿ ಅಗಿದರೆ ದವಡೆ ಹಲ್ಲಿಗೆ ಒಳ್ಳೆಯದೇ. ಚಿನ್ನಿ ಮಾತ್ರ ನಾಲ್ಕು ತುಂಡು ಮಾಡಿ ನುಂಗಿಬಿಡುತ್ತಾಳೆ. ಕೋರೆಹಲ್ಲಿಗೆ ಅದು ತಾಗುವುದೇ ಇಲ್ಲ, ತೂಕ ಬೇರೆ ಏರಿತು. ಈಗ ಊರಿಗೆ ಹೋದಾಗ ಮಾತ್ರ ಕೊಡುತ್ತೇನೆ. ನೀರಿಗೆ ಬೆರೆಸುವ ದ್ರವ ಹಾಕಿದರೆ ಅವಳು ನೀರು ಕುಡಿಯುವುದನ್ನೇ ಕಡಿಮೆ ಮಾಡಿದಳು. ಮೂರನೇ ದಿನಕ್ಕೆ ನಿಲ್ಲಿಸಿದೆ.

ಮೂಳೆಯನ್ನು ನಾನು ಪ್ರಯೋಗಿಸಲಿಲ್ಲ. ಮೂಳೆ ಕಡಿದರೆ ಹಲ್ಲು ತಾನೇ ಸ್ವಚ್ಛವಾಗುತ್ತದೆ ಅಂತ ತುಂಬಾ ಜನ ಹೇಳುತ್ತಾರೆ. ಅಣ್ಣನ ಮನೆಯ ಲ್ಯಾಬ್ರಡಾರ್ ಹಾಗೆ ಕಡಿದೇ ಮೇಲಿನ ದೊಡ್ಡ ದವಡೆ ಹಲ್ಲು ಸೀಳಿಕೊಂಡಿತು. ಬೇಯಿಸಿದ ಮೂಳೆ ಚೂರಾಗಿ ಗಂಟಲು, ಕರುಳಿಗೆ ಚುಚ್ಚುವ ಭಯ ಬೇರೆ. ಉಗುರು ಒತ್ತಿದರೆ ಗುರುತು ಬೀಳದಷ್ಟು ಗಟ್ಟಿ ಇರುವ ಯಾವುದನ್ನೂ ನಾನು ಅವಳ ಬಾಯಿಗೆ ಕೊಡುವುದಿಲ್ಲ.

ಅರಿವಳಿಕೆ ಇಲ್ಲದೆ, ಎಚ್ಚರವಿದ್ದಾಗಲೇ ಕೆರೆದು ಕೊಡುತ್ತೇವೆ ಎನ್ನುವವರೂ ಸಿಕ್ಕರು. ನಾನು ಒಪ್ಪಲಿಲ್ಲ. ಹಾಗೆ ಮಾಡಿದರೆ ಮೇಲಿನ ಹಳದಿ ಹೋಗುತ್ತದೆ ಅಷ್ಟೇ. ಚಿನ್ನಿಯ ಮೂರು ಹಲ್ಲು ಹಾಳಾಗಿದ್ದು ವಸಡಿನ ಒಳಗೆ.