ಹೊತ್ತುಕೊಂಡು ಹೋಗುವುದಾ, ಅಲ್ಲೇ ಕೊಳ್ಳುವುದಾ?

ಬೇರೆ ದೇಶಕ್ಕೆ ಮನೆ ಬದಲಾಯಿಸುವಾಗ ಒಂದೊಂದು ಸಾಮಾನಿಗೂ ಇದೇ ಪ್ರಶ್ನೆ. ನಾನು ನೋಡುವುದು ಎರಡೇ: ಮೊದಲ ವಾರವೇ ಬೇಕಾ, ಅಲ್ಲಿ ಅದು ಕೆಲಸ ಮಾಡುತ್ತಾ.

ಜಾಸ್ತಿ ಜನ ಎಡವುವುದು ಕರೆಂಟಿನ ಸಾಮಾನಿನಲ್ಲಿ. ಕೆಲವು ದೇಶಗಳಲ್ಲಿ 100ರಿಂದ 127 ವೋಲ್ಟ್, ಉಳಿದ ಹೆಚ್ಚಿನ ಕಡೆ 220ರಿಂದ 240. ಲ್ಯಾಪ್‌ಟಾಪ್, ಫೋನ್ ಚಾರ್ಜರ್ ಮೇಲೆ 100-240 ಎಂದಿದ್ದರೆ ತೆಗೆದುಕೊಂಡು ಹೋಗಿ, ಒಂದು ಅಡಾಪ್ಟರ್ ಸಾಕು. ಇಸ್ತ್ರಿಪೆಟ್ಟಿಗೆ, ಹೇರ್ ಡ್ರೈಯರ್ ಹಾಗಲ್ಲ. ಅಡಾಪ್ಟರ್ ಪ್ಲಗ್ಗಿನ ಆಕಾರ ಬದಲಿಸುತ್ತದೆ ಅಷ್ಟೇ, ವೋಲ್ಟೇಜ್ ಬದಲಿಸುವುದಿಲ್ಲ, ಹಾಗಾಗಿ 230 ವೋಲ್ಟಿನ ಇಸ್ತ್ರಿಪೆಟ್ಟಿಗೆಯನ್ನು 120ಕ್ಕೆ ಹಾಕಿದರೆ ಸರಿಯಾಗಿ ಕಾಯುವುದೇ ಇಲ್ಲ, 120ರದ್ದನ್ನು 230ಕ್ಕೆ ಹಾಕಿದರೆ ಸುಟ್ಟೇ ಹೋಗುತ್ತದೆ. ಇವನ್ನು ಅಲ್ಲೇ ಕೊಳ್ಳಿ.

ಹಾಸಿಗೆ, ಬೆಡ್‌ಶೀಟೂ ಅಲ್ಲೇ. ಮಂಚದ ಅಳತೆ ದೇಶದಿಂದ ದೇಶಕ್ಕೆ ಬೇರೆ ಇರುತ್ತದೆ, ಅಲ್ವಾ? ದಪ್ಪ ಚಳಿ ಕೋಟೂ ಅಷ್ಟೇ, ಇಳಿದ ದಿನಕ್ಕೆ ಒಂದಿದ್ದರೆ ಆಯಿತು.

ದಿನಾ ತೆಗೆದುಕೊಳ್ಳುವ ಔಷಧಿ ಮಾತ್ರ ಒಯ್ಯಲೇಬೇಕು, ಇದರಲ್ಲಿ ದಯವಿಟ್ಟು ಅಸಡ್ಡೆ ಬೇಡ. ಮೂಲ ಪ್ಯಾಕೆಟ್ಟಿನಲ್ಲೇ ಇರಲಿ. ಬ್ರ್ಯಾಂಡ್ ಹೆಸರು ಅಲ್ಲಿ ಬೇರೆ ಇರಬಹುದು, ಅದಕ್ಕೇ ಡಾಕ್ಟರ್ ಚೀಟಿಯಲ್ಲಿ ಜೆನೆರಿಕ್ ಹೆಸರನ್ನೂ, ಅಂದರೆ ಔಷಧಿಯ ಮೂಲ ಹೆಸರನ್ನೂ, ಬರೆಸಿಕೊಳ್ಳಿ. ಒಂದು ದೇಶದಲ್ಲಿ ಸುಲಭವಾಗಿ ಸಿಗುವ ಮಾತ್ರೆಗೆ ಇನ್ನೊಂದರಲ್ಲಿ ನಿಷೇಧವೇ ಇರಬಹುದು, ಆ ದೇಶದ ನಿಯಮ ಮೊದಲೇ ನೋಡಿ. ಮೂಲ ಪ್ರಮಾಣಪತ್ರ, ಇನ್ನೊಂದು ಜೊತೆ ಕನ್ನಡಕ ಕೈಚೀಲದಲ್ಲಿರಲಿ. ಪವರ್ ಬ್ಯಾಂಕೂ ಕೈಚೀಲದಲ್ಲೇ, ಅದನ್ನು ಚೆಕ್-ಇನ್ ಲಗೇಜಿಗೆ ಹಾಕುವಂತಿಲ್ಲ.

ಜಾಗ ಉಳಿದರೆ ಸುಮ್ನೆ ಬಟ್ಟೆ ತುರುಕಬೇಡಿ, ನಿಮಗೆ ಪ್ರೀತಿಯ ಒಂದು ಫೋಟೋ ಇಟ್ಟುಕೊಳ್ಳಿ. ಅದು ಅಲ್ಲಿ ಸಿಗುವುದಿಲ್ಲ.