ಬಿಸಿ ಎಂಜಿನ್, ಅಳಿಸಿಹಾಕಿದ ದೋಷಸಂಕೇತ: ಹಳೆಯ ಕಾರು ಕೊಳ್ಳುವವರ ಗಮನಕ್ಕೆ

ಹಳೆಯ ಕಾರು ನೋಡಲು ಹೋದಾಗ ಅದರ ಎಂಜಿನ್ ಆಗಲೇ ಬಿಸಿಯಾಗಿದ್ದರೆ ದಯವಿಟ್ಟು ಆ ದಿನ ವ್ಯವಹಾರದ ಮಾತೆತ್ತಬೇಡಿ, ತಣ್ಣಗಿರುವಾಗ ಇನ್ನೊಮ್ಮೆ ಬರುತ್ತೇನೆಂದು ಹೇಳಿ ಹೊರಟುಬಿಡಿ. ಈ ಮಾತನ್ನು ಎಲ್ಲಕ್ಕಿಂತ ಮೊದಲು ಹೇಳುತ್ತಿದ್ದೇನೆ, ಏಕೆಂದರೆ ನನಗೆ ಮಾರಿದ ಕಾರಿನ ರೋಗವೆಲ್ಲ ಆ ಬಿಸಿಯ ಹಿಂದೆಯೇ ಅಡಗಿತ್ತು, ಅದನ್ನು ಅಡಗಿಸಿದವರಿಗೆ ತಾವು ಮಾಡುತ್ತಿರುವುದು ಏನೆಂದು ಚೆನ್ನಾಗಿ ತಿಳಿದಿತ್ತು.

ಕಡಿಮೆ ಸಂಬಳದವರು ಕಾರು ಹುಡುಕುವಾಗ ಹಾಕುವ ಲೆಕ್ಕ ಬಹಳ ಜನರಿಗೆ ಗೊತ್ತಿರುವಂಥದ್ದೇ. ಹೊಸದು ಕೈಗೆಟುಕುವುದಿಲ್ಲ, ಕಾರಿಲ್ಲದಿದ್ದರೆ ರಾತ್ರಿ ಪಾಳಿಯ ಕೆಲಸ ಉಳಿಯುವುದಿಲ್ಲ. ನಾನು ಹುಡುಕಿದ್ದು ಅಂದವನ್ನೂ ಅಲ್ಲ, ವೇಗವನ್ನೂ ಅಲ್ಲ. ಚಿಕ್ಕ ಎಂಜಿನ್ನಿನ, ಬಿಡಿಭಾಗಗಳು ಎಲ್ಲೆಡೆ ಸುಲಭವಾಗಿ ಸಿಗುವ, ಯಾವ ಮೆಕ್ಯಾನಿಕ್ ಬೇಕಾದರೂ ಬಿಚ್ಚಿ ಜೋಡಿಸಬಲ್ಲ ಸಾಮಾನ್ಯ ಮಾದರಿಯೊಂದನ್ನು. ಆ ಆಯ್ಕೆ ಸರಿಯಾಗಿಯೇ ಇತ್ತು ಎಂದು ಈಗಲೂ ಹೇಳುತ್ತೇನೆ. ಮಾದರಿ ಒಳ್ಳೆಯದೇ, ಕೆಟ್ಟದ್ದು ಆ ಒಂದು ಕಾರು ಮತ್ತು ಅದನ್ನು ಮಾರಿದ ಕೈ.

ನನ್ನ ಪರಿಚಯದ ಮೆಕ್ಯಾನಿಕ್‌ಗೆ ಒಮ್ಮೆ ತೋರಿಸುತ್ತೇನೆ ಎಂದು ಕೇಳಿದಾಗ ಮಾರಾಟಗಾರ, "ಪರೀಕ್ಷೆಯೆಲ್ಲ ನಮ್ಮಲ್ಲೇ ಆಗಿದೆ, ಸಂಜೆ ಇನ್ನೊಬ್ಬರು ಮುಂಗಡ ಕೊಡಲು ಬರುತ್ತಾರೆ, ನಿಮಗಾಗಿ ತಡೆದು ನಿಲ್ಲಿಸಿದ್ದೇನೆ" ಎಂದ. ಎಂಜಿನ್ ಬಿಸಿಯಾಗಿರುವುದೇಕೆ ಎಂದು ಕೇಳಿದ್ದಕ್ಕೆ, "ಈಗಷ್ಟೇ ತೊಳೆಸಿಕೊಂಡು ಬಂದೆ" ಎಂದ. ಓಡಿಸಿ ನೋಡಿದಾಗ ಕಾರು ಸದ್ದಿಲ್ಲದೆ ಓಡಿತು, ಡ್ಯಾಶ್‌ಬೋರ್ಡಿನಲ್ಲಿ ಒಂದು ದೀಪವೂ ಉರಿಯಲಿಲ್ಲ. ಉಳಿತಾಯವನ್ನೆಲ್ಲ ಸುರಿದು, ಸಾಲದದ್ದಕ್ಕೆ ಅವನೇ ಗೊತ್ತುಮಾಡಿಕೊಟ್ಟ ಸಾಲಕ್ಕೆ ಸಹಿ ಹಾಕಿ ಕಾರನ್ನು ಮನೆಗೆ ತಂದೆ.

ಮರುದಿನ ಬೆಳಿಗ್ಗೆ ಚಾಲೂ ಮಾಡಿದಾಗ ಹಿಂದಿನ ಕೊಳವೆಯಿಂದ ನೀಲಿ ಹೊಗೆ ಬಂತು. ಕೆಲವೇ ಕ್ಷಣ, ಆಮೇಲೆ ಮಾಯ. ಇದರ ಕಾರಣವನ್ನು ನಿಮಗೂ ಹೇಳಿಬಿಡುತ್ತೇನೆ: ಸಿಲಿಂಡರಿನ ಬಾಯಿಯನ್ನು ತೆರೆದು ಮುಚ್ಚುವ ವಾಲ್ವುಗಳ ಕಾಂಡದ ಸುತ್ತಲಿರುವ ರಬ್ಬರಿನ ಸೀಲುಗಳು ವರ್ಷಗಳ ಬಿಸಿಗೆ ಗಡುಸಾಗಿಬಿಟ್ಟರೆ, ಕಾರು ನಿಂತಿರುವಾಗ ಎಂಜಿನ್ ಆಯಿಲ್ ಅಲ್ಲಿಂದ ಸಿಲಿಂಡರಿನೊಳಕ್ಕೆ ಜಿನುಗುತ್ತದೆ, ಮತ್ತೆ ಚಾಲೂ ಮಾಡಿದೊಡನೆ ಉರಿದು ನೀಲಿ ಹೊಗೆಯಾಗುತ್ತದೆ. ಆಗಷ್ಟೇ ಓಡಿಸಿ ತಂದ ಎಂಜಿನ್ನಿನಲ್ಲಿ ಇದು ಕಣ್ಣಿಗೆ ಬೀಳುವುದು ಕಷ್ಟ. ನಾನು ಹೋಗುವ ಹೊತ್ತಿಗೆ ಎಂಜಿನ್ ಏಕೆ ಬಿಸಿಯಾಗಿತ್ತು ಎಂಬುದು ಈಗ ಅರ್ಥವಾಯಿತಲ್ಲ? ತೊಳೆಸಿಕೊಂಡು ಬಂದದ್ದಂತೆ!

ದಿನಗಳೆದಂತೆ ಆಯಿಲ್ ಕಡ್ಡಿಯ ಮೇಲಿನ ಮಟ್ಟ ಇಳಿಯುತ್ತಾ ಹೋಯಿತು, ಒಂದು ದಿನ ಎಂಜಿನ್ನಿನ ಎಚ್ಚರಿಕೆ ದೀಪ ಹೊತ್ತಿಕೊಂಡಿತು. ಕಾರಿನ ಕಂಪ್ಯೂಟರ್ ಗುರುತಿಸಿಟ್ಟ ದೋಷಗಳನ್ನು ಓದುವ ಸ್ಕ್ಯಾನರನ್ನು ನನ್ನ ಮೆಕ್ಯಾನಿಕ್ ಜೋಡಿಸಿದಾಗ ಪಿ0420 ಎಂಬ ದೋಷಸಂಕೇತ ಬಂತು. ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿಲ್ಲ ಎಂದು ಅದರ ಅರ್ಥ. ಬಹುಕಾಲ ಉರಿದ ಆಯಿಲ್ ಆ ಭಾಗವನ್ನು ಹಾಳುಮಾಡಿತ್ತು, ಅದು ಎಂಜಿನ್ನಿನ ಸುತ್ತಲಿನ ಅತಿ ದುಬಾರಿ ಬಿಡಿಭಾಗಗಳಲ್ಲಿ ಒಂದು. ಇಷ್ಟಾದರೂ ನಾನು ಇದನ್ನು ದುರದೃಷ್ಟವೆಂದೇ ಅಂದುಕೊಂಡಿದ್ದೆ. ಆಗ ಅವರು ಸ್ಕ್ಯಾನರಿನ ಇನ್ನೊಂದು ಸಾಲನ್ನು ತೋರಿಸಿದರು. ದೋಷಸಂಕೇತಗಳನ್ನು ಅಳಿಸಿದ ನಂತರ ಕಾರು ಎಷ್ಟು ದೂರ ಓಡಿದೆ ಎಂಬ ಲೆಕ್ಕ ಅದು. ನಾನು ಮನೆಗೆ ತಂದ ಮೇಲೆ ಓಡಿಸಿದ ದೂರಕ್ಕೂ ಆ ಅಂಕಿಗೂ ಹೆಚ್ಚು ವ್ಯತ್ಯಾಸವೇ ಇರಲಿಲ್ಲ! ಅಂದರೆ ನಾನು ನೋಡಲು ಬರುವ ಮುನ್ನವೇ ಕಾರಿನ ನೆನಪನ್ನು ಒರೆಸಿಟ್ಟಿದ್ದರು. ಸಂಕೇತಗಳನ್ನು ಅಳಿಸಿದರೆ ದೀಪ ಆರುತ್ತದೆ, ಕಾರು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಲೆಕ್ಕವೂ ಮೊದಲಿನಿಂದ ಶುರುವಾಗುತ್ತದೆ, ಇಂಥ ದೋಷದ ಪರೀಕ್ಷೆ ಮುಗಿಯುವವರೆಗೆ ಅದಕ್ಕಾಗಿ ದೀಪ ಮತ್ತೆ ಉರಿಯುವುದಿಲ್ಲ. ಅಷ್ಟರೊಳಗೆ ಹಣ ಕೈಬದಲಾಗಿರುತ್ತದೆ. ಆ ಗ್ಯಾರೇಜಿನಲ್ಲಿ ಬೇರೆಯವರೂ ನಿಂತಿದ್ದರು, ಅವರ ಮುಂದೆ ತಲೆಯೆತ್ತಲಾರದಷ್ಟು ನಾಚಿಕೆಯಾಯಿತು. ದೀಪ ಉರಿಯುತ್ತಿಲ್ಲವೆಂದು ನಾನು ಸಮಾಧಾನಪಟ್ಟಿದ್ದೆನಲ್ಲ, ಆ ಸಮಾಧಾನವನ್ನೇ ಅವನು ತಯಾರಿಸಿ ನನಗೆ ಮಾರಿದ್ದ.

ಫೋನ್ ಮಾಡಿದೆ. "ಬ್ಯಾಟರಿ ಬದಲಿಸಿದ್ದೆವು, ಆಗ ಅಳಿಸಿಹೋಗಿರಬೇಕು" ಎಂದ. ಬ್ಯಾಟರಿ ತೆಗೆದರೆ ಕೆಲವು ಕಾರುಗಳಲ್ಲಿ ಹಾಗಾಗುವುದು ನಿಜ, ಆದರೆ ಕಾರಿನಲ್ಲಿದ್ದ ಬ್ಯಾಟರಿ ಹಳೆಯದು, ತಯಾರಾದ ದಿನಾಂಕ ಅದರ ಮೇಲೆಯೇ ಇತ್ತು. ಅದನ್ನು ಹೇಳಿದ್ದಕ್ಕೆ, "ನೀವೇ ಓಡಿಸಿ ನೋಡಿ ಒಪ್ಪಿದಿರಲ್ಲ" ಎಂದ. ಮಾರುವಾಗ ಟೈರು ಹೊಸದು ಎಂದು ಅವನು ಹೇಳಿದ್ದೂ ಸುಳ್ಳಾಗಿತ್ತು. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ; 2318 ಎಂದಿದ್ದರೆ ಅದು 2018ರ 23ನೇ ವಾರದ್ದು. ಅದಕ್ಕೂ ಉತ್ತರವಿತ್ತು: "ನಮಗೆ ಹೊಸದೆಂದೇ ಕೊಟ್ಟಿದ್ದರು." ಕೊನೆಗೆ ಅವನು ಹೇಳಿದ ಮಾತು ಇದು: "ಈ ದುಡ್ಡಿಗೆ ಇನ್ನೆಂಥ ಕಾರು ಸಿಗುತ್ತದೆ?" ಆ ಮಾತನ್ನು ನಾನು ಮರೆಯಲಾರೆ. ಈ ದುಡ್ಡು ಅವನಿಗೆ ಚಿಕ್ಕದಿರಬಹುದು, ನನಗೆ ಅದು ವರ್ಷಗಳ ಉಳಿತಾಯ. ಕಡಿಮೆ ದುಡ್ಡು ಕೊಟ್ಟವನಿಗೆ ಹಳೆಯ ಕಾರು ಸಿಗುವುದು ನ್ಯಾಯ, ಸುಳ್ಳು ಸಿಗುವುದು ನ್ಯಾಯವಲ್ಲ. ದೋಷವನ್ನು ಮೊದಲೇ ಹೇಳಿದ್ದರೆ ರಿಪೇರಿಯ ಖರ್ಚನ್ನು ಕಳೆದು ಬೆಲೆ ಮಾತಾಡುತ್ತಿದ್ದೆ, ಇಲ್ಲವೇ ಬೇರೆ ಕಾರು ನೋಡುತ್ತಿದ್ದೆ. ಆ ಅವಕಾಶವನ್ನೇ ಅವನು ಕಿತ್ತುಕೊಂಡ.

ನೋಡಲು ಹೋದಾಗ ಮೊದಲು ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿ. ಎಂಜಿನ್ ತಣ್ಣಗಿದ್ದರೆ ಕೀಲಿಯನ್ನು ಅರ್ಧ ತಿರುಗಿಸಿ, ಎಚ್ಚರಿಕೆ ದೀಪ ಒಮ್ಮೆ ಉರಿಯಲೇಬೇಕು, ಉರಿಯದಿದ್ದರೆ ಬಲ್ಬನ್ನೇ ತೆಗೆದಿರಬಹುದು. ಚಾಲೂ ಮಾಡುವಾಗ ಇನ್ನೊಬ್ಬರನ್ನು ಹಿಂದೆ ನಿಲ್ಲಿಸಿ ಹೊಗೆ ನೋಡಿಸಿ. ಸ್ಕ್ಯಾನರಿನಲ್ಲಿ ಸಂಕೇತವಿಲ್ಲ ಎಂದಷ್ಟಕ್ಕೆ ತೃಪ್ತರಾಗದೆ, ಸ್ವಯಂಪರೀಕ್ಷೆಗಳು ಪೂರ್ಣಗೊಂಡಿವೆಯೇ, ಸಂಕೇತ ಅಳಿಸಿ ಎಷ್ಟು ದೂರವಾಯಿತು ಎಂಬುದನ್ನೂ ಓದಿಸಿ. ಎಲ್ಲ ಹಣವನ್ನೂ ಕಾರಿಗೇ ಸುರಿಯಬೇಡಿ, ಮೊದಲ ರಿಪೇರಿಗೆಂದು ಒಂದು ಪಾಲನ್ನು ಕೈಯಲ್ಲಿಟ್ಟುಕೊಳ್ಳಿ. ನಿಮ್ಮ ಮೆಕ್ಯಾನಿಕ್ ನೋಡುವುದಕ್ಕೆ ಒಪ್ಪದ ಮಾರಾಟಗಾರನಿಗೆ ಒಂದು ಕಾಸನ್ನೂ ಕೊಡಬೇಡಿ, ಸಂಜೆ ಯಾರೇ ಮುಂಗಡ ಹಿಡಿದು ಬರುತ್ತಿರಲಿ.

ಈಗ ಅವನು ನನ್ನ ಕರೆ ಸ್ವೀಕರಿಸುವುದಿಲ್ಲ. ಕಾರು ಗ್ಯಾರೇಜಿನಲ್ಲಿದೆ, ಸಾಲದ ಕಂತು ಮಾತ್ರ ತಪ್ಪದೆ ಕಡಿತವಾಗುತ್ತಿದೆ. ಸ್ಕ್ಯಾನರಿನ ವರದಿಯನ್ನೂ ಮೆಕ್ಯಾನಿಕ್ ಬರೆದುಕೊಟ್ಟ ಹೇಳಿಕೆಯನ್ನೂ ಸೇರಿಸಿ ಲಿಖಿತ ದೂರು ಸಿದ್ಧಪಡಿಸಿದ್ದೇನೆ. ಅವನು ಹಣ ಹಿಂದಿರುಗಿಸುವವರೆಗೆ ನಾನು ಇದನ್ನು ಬಿಡುವುದಿಲ್ಲ.